ಗೃಹದಲ್ಲಿ ಪೀಡಿತರಾದವರಿಗೆ ಸಮೀಪದ ಸಹಾಯ

ಗೃಹವು ಮನುಷ್ಯನ ಮೊದಲನೆಯ ಆಶ್ರಯವೆಂದು ನಾವೆಲ್ಲರೂ ಓದಿರುತ್ತೇವೆ. ಆದರೆ ಆ ಗೃಹವೇ ಭಯಕ್ಕೆ ಕಾರಣವಾದಲ್ಲಿ ಅದರೊಳಗಿರುವ ಸ್ತ್ರೀಯು ಎಲ್ಲಿಗೆ ಹೋಗತಕ್ಕದ್ದು? ಯಾರನ್ನು ಕೇಳತಕ್ಕದ್ದು? ಅಡಿಗೆ, ಹೊಲಿಗೆ, ಪ್ರಥಮ ಚಿಕಿತ್ಸೆಗಳನ್ನು ಕಲಿಯುವಂತೆಯೇ ಈ ಪ್ರಶ್ನೆಗಳ ಉತ್ತರವನ್ನೂ ಪ್ರತಿಯೊಬ್ಬ ವಿದ್ಯಾರ್ಥಿನಿಯು ಕಲಿತಿರಬೇಕು. ಯಾಕಂದರೆ ಈ ಜ್ಞಾನವು ತನಗೆ ಬೇಡವಾದರೂ ನೆರೆಯವಳಿಗೆ ಬೇಕಾಗಬಹುದು.

ಈ ಕಷ್ಟವು ಎಲ್ಲಿಯೋ ಅಪರೂಪವಾಗಿ ನಡೆಯುವುದೆಂದು ಯಾರೂ ತಿಳಿಯಬಾರದು. 2019-21ರಲ್ಲಿ ನಡೆದ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ, ಕರ್ನಾಟಕದ 18ರಿಂದ 49 ವಯಸ್ಸಿನ ವಿವಾಹಿತ ಸ್ತ್ರೀಯರ ಪೈಕಿ ನೂರಕ್ಕೆ 44 ಮಂದಿ ಪತಿಯಿಂದ ಹಿಂಸೆಯನ್ನು ಅನುಭವಿಸಿರುವುದಾಗಿ ಹೇಳಿದರು. ಇಡೀ ಭಾರತದಲ್ಲಿ ಈ ಸಂಖ್ಯೆಯು ನೂರಕ್ಕೆ 29. ಇದಕ್ಕಿಂತಲೂ ವ್ಯಸನಕರವಾದ ಇನ್ನೊಂದು ಸಂಗತಿಯುಂಟು. ಅದೇನೆಂದರೆ, ದೇಶದಲ್ಲಿ ಹಿಂಸೆಗೆ ಒಳಗಾದ ಸ್ತ್ರೀಯರಲ್ಲಿ ನೂರಕ್ಕೆ 14 ಮಂದಿ ಮಾತ್ರವೇ ಸಹಾಯವನ್ನು ಕೋರಿದರು. 77 ಮಂದಿ ಸಹಾಯವನ್ನೂ ಕೋರಲಿಲ್ಲ, ಯಾರೊಡನೆಯೂ ಹೇಳಿಕೊಳ್ಳಲೂ ಇಲ್ಲ.

ಈ ಮೌನಕ್ಕೆ ಕಾರಣಗಳು ಅನೇಕ. “ಗಂಡ ಹೆಂಡಿರ ಜಗಳ ಉಂಡು ಮಲಗುವ ತನಕ” ಎಂಬ ಗಾದೆಯು ಸಣ್ಣ ಮುನಿಸಿಗೆ ಸರಿ. ಪೆಟ್ಟಿಗೂ ಬೆದರಿಕೆಗೂ ಅದನ್ನು ಅನ್ವಯಿಸುವುದು ಅನ್ಯಾಯ. “ಕೊಟ್ಟ ಹೆಣ್ಣು ಕುಲಕ್ಕೆ ಹೊರಗು” ಎಂಬ ಮಾತಂತೂ ಮಗಳಿಗೆ ತವರಿನ ಬಾಗಿಲನ್ನೇ ಮುಚ್ಚುವಂಥದು. ಕೈಯಲ್ಲಿ ಹಣವಿಲ್ಲದಿರುವುದು, ಮಕ್ಕಳ ಚಿಂತೆ, ಊರವರ ನಿಂದೆಯ ಭಯ, ಇವು ಅವಳನ್ನು ಇನ್ನಷ್ಟು ಕಟ್ಟಿಹಾಕುತ್ತವೆ. ಆದಕಾರಣ “ಇಷ್ಟು ದಿನ ಯಾಕೆ ಸಹಿಸಿದೆ?” ಎಂದು ಅವಳನ್ನು ಕೇಳುವುದಕ್ಕಿಂತ, ಯಾವ ಬಾಗಿಲುಗಳು ಅವಳಿಗೆ ತೆರೆದಿವೆಯೆಂದು ತಿಳಿಸುವುದೇ ಹೆಚ್ಚು ಉಪಕಾರ.

ಮೊದಲು ಹಿಂಸೆಯೆಂದರೆ ಏನೆಂಬುದನ್ನು ತಿಳಿಯೋಣ. ಕೌಟುಂಬಿಕ ಹಿಂಸೆಯಿಂದ ಮಹಿಳೆಯರನ್ನು ಸಂರಕ್ಷಿಸುವ ಕಾಯಿದೆಯು 2005ರಲ್ಲಿ ಅಂಗೀಕೃತವಾಗಿ, 2006ರ ಅಕ್ಟೋಬರ್ 26ರಿಂದ ಜಾರಿಗೆ ಬಂದಿತು. ಅದು ಹಿಂಸೆಯನ್ನು ನಾಲ್ಕು ವಿಧವಾಗಿ ಹೇಳುತ್ತದೆ: ದೇಹಕ್ಕೆ ಮಾಡುವ ಹಿಂಸೆ, ಲೈಂಗಿಕ ಹಿಂಸೆ, ಮಾತಿನಿಂದಲೂ ಮನಸ್ಸಿಗೂ ಮಾಡುವ ಹಿಂಸೆ, ಮತ್ತು ಖರ್ಚಿಗೆ ಕೊಡದೆ ಅಥವಾ ಅವಳ ಒಡವೆ ಸಂಬಳಗಳನ್ನು ಕಸಿದುಕೊಂಡು ಮಾಡುವ ಆರ್ಥಿಕ ಹಿಂಸೆ. ಈ ಕಾಯಿದೆಯು ಹೆಂಡತಿಗೆ ಮಾತ್ರವಲ್ಲದೆ ಒಂದೇ ಮನೆಯಲ್ಲಿ ವಾಸಿಸುವ ತಾಯಿ, ಮಗಳು, ಸಹೋದರಿ, ವಿಧವೆ ಇವರೆಲ್ಲರಿಗೂ ಅನ್ವಯಿಸುತ್ತದೆ.

ಇನ್ನು ಸಹಾಯವು ದೊರೆಯುವ ಸ್ಥಳಗಳನ್ನು ಕ್ರಮವಾಗಿ ನೋಡುವ.

ಮೊದಲನೆಯದು, ಸಂರಕ್ಷಣಾಧಿಕಾರಿ. ಕರ್ನಾಟಕದಲ್ಲಿ ಈ ಹೊಣೆಯನ್ನು ತಾಲೂಕಿನ ಶಿಶು ಅಭಿವೃದ್ಧಿ ಯೋಜನಾಧಿಕಾರಿಗಳಿಗೆ ವಹಿಸಲಾಯಿತು. ಆ ಕಚೇರಿಯನ್ನು ಅರಿಯದವಳಿಗೂ ತನ್ನ ಹಳ್ಳಿಯ ಅಂಗನವಾಡಿ ಕಾರ್ಯಕರ್ತೆಯು ದಾರಿಯನ್ನು ತೋರಿಸಬಲ್ಲಳು, ಯಾಕಂದರೆ ಅಂಗನವಾಡಿಯು ಅದೇ ಕಚೇರಿಗೆ ಸೇರಿದ್ದು. ಅಧಿಕಾರಿಯು ನಡೆದ ಸಂಗತಿಯ ವರದಿಯನ್ನು ಬರೆದುಕೊಂಡು ಮ್ಯಾಜಿಸ್ಟ್ರೇಟರಿಗೆ ಕಳುಹಿಸಬೇಕು. ಆಶ್ರಯವನ್ನೂ ಚಿಕಿತ್ಸೆಯನ್ನೂ ವಕೀಲರ ನೆರವನ್ನೂ ಒದಗಿಸಲು ಸಹಾಯ ಮಾಡಬೇಕು.

ಎರಡನೆಯದು, ‘ಸಖಿ’ ಎಂಬ ಹೆಸರಿನ ಕೇಂದ್ರ. 2015ರಲ್ಲಿ ಆರಂಭವಾದ ಈ ಯೋಜನೆಯ ಉದ್ದೇಶವೇನೆಂದರೆ, ಚಿಕಿತ್ಸೆ, ಪೊಲೀಸರ ನೆರವು, ಕಾನೂನಿನ ಸಲಹೆ, ಸಾಂತ್ವನದ ಮಾತು ಇವೆಲ್ಲವೂ ಒಂದೇ ಸೂರಿನಡಿಯಲ್ಲಿ ದೊರೆಯಬೇಕೆಂಬುದು. ಕೆಲವು ದಿನಗಳ ತಾತ್ಕಾಲಿಕ ವಸತಿಯೂ ಅಲ್ಲಿ ಉಂಟು. ಸಾಮಾನ್ಯವಾಗಿ ಇದು ಜಿಲ್ಲಾ ಕೇಂದ್ರದಲ್ಲಿ, ಆಸ್ಪತ್ರೆಯ ಆವರಣದಲ್ಲಾಗಲಿ ಸಮೀಪದಲ್ಲಾಗಲಿ ಇರುತ್ತದೆ.

ಮೂರನೆಯದು, ದೂರವಾಣಿ. 181 ಎಂಬುದು ಸ್ತ್ರೀಯರ ಸಹಾಯಕ್ಕಾಗಿಯೇ ಇರುವ ಸಂಖ್ಯೆ; ಪ್ರಾಣಕ್ಕೆ ಅಪಾಯವಿದ್ದಾಗ 112; ಮಕ್ಕಳಿಗಾಗಿ 1098. ಪೊಲೀಸ್ ಠಾಣೆಗೆ ಹೋದವಳಿಗೆ ಈ ಕಾಯಿದೆಯಡಿಯಲ್ಲಿ ಅವಳ ಹಕ್ಕುಗಳನ್ನು ತಿಳಿಸುವುದು ಅಲ್ಲಿನ ಅಧಿಕಾರಿಯ ಕರ್ತವ್ಯ. ಪತಿಯಾಗಲಿ ಅವನ ಬಂಧುಗಳಾಗಲಿ ಮಾಡುವ ಕ್ರೌರ್ಯವು ಪ್ರತ್ಯೇಕವಾದ ಅಪರಾಧ. 2024ರ ಜುಲೈ 1ರಿಂದ ಅದು ಭಾರತೀಯ ನ್ಯಾಯ ಸಂಹಿತೆಯ 85ನೆಯ ಪ್ರಕರಣದಲ್ಲಿದ್ದು, ಮೂರು ವರ್ಷಗಳವರೆಗಿನ ಸೆರೆವಾಸಕ್ಕೂ ದಂಡಕ್ಕೂ ಗುರಿಯಾಗುತ್ತದೆ.

ನಾಲ್ಕನೆಯದು, ಕಾನೂನು ಸೇವಾ ಸಮಿತಿ. ವಕೀಲರಿಗೆ ಕೊಡಲು ಹಣವಿಲ್ಲವೆಂದು ಯಾವ ಸ್ತ್ರೀಯೂ ಹಿಂಜರಿಯಬೇಕಾಗಿಲ್ಲ. 1987ರ ಕಾಯಿದೆಯಂತೆ ಸ್ತ್ರೀಯರಿಗೂ ಮಕ್ಕಳಿಗೂ, ಅವರ ವರಮಾನವೆಷ್ಟೇ ಇರಲಿ, ವಕೀಲರ ನೆರವು ಉಚಿತ. ತಾಲೂಕು ನ್ಯಾಯಾಲಯದಲ್ಲಿ ಈ ಸಮಿತಿಯನ್ನು ವಿಚಾರಿಸಬಹುದು. 15100 ಎಂಬ ಸಂಖ್ಯೆಗೂ ಕರೆ ಮಾಡಬಹುದು.

ಐದನೆಯದು, ವೈದ್ಯರು. ಗಾಯವು ಸಣ್ಣದಾದರೂ ತೋರಿಸಿ, ಅದು ಹೇಗೆ ಆಯಿತೆಂಬ ನಿಜವನ್ನು ಹೇಳಿ ಬರೆಯಿಸಬೇಕು. “ಬಚ್ಚಲಲ್ಲಿ ಜಾರಿ ಬಿದ್ದೆ” ಎಂದು ಬರೆಯಿಸಿದ ಚೀಟಿಯು ಮುಂದೆ ಅವಳಿಗೇ ವಿರೋಧವಾಗಿ ನಿಲ್ಲುವುದು.

ಮ್ಯಾಜಿಸ್ಟ್ರೇಟರು ಏನು ಮಾಡಬಲ್ಲರು? ಹಿಂಸೆಯನ್ನು ನಿಲ್ಲಿಸುವಂತೆ ಆಜ್ಞಾಪಿಸಬಲ್ಲರು. ಅವಳನ್ನು ಮನೆಯಿಂದ ಹೊರಹಾಕದಂತೆ ತಡೆಯಬಲ್ಲರು. ಜೀವನಕ್ಕೆ ಹಣವನ್ನೂ ಮಕ್ಕಳ ತಾತ್ಕಾಲಿಕ ಪಾಲನೆಯನ್ನೂ ಕೊಡಿಸಬಲ್ಲರು. ಮನೆಯು ಅತ್ತೆಮಾವಂದಿರ ಹೆಸರಿನಲ್ಲಿದೆಯೆಂಬ ಮಾತ್ರಕ್ಕೆ ಅಲ್ಲಿ ಸಂಸಾರ ಮಾಡಿದ ಸೊಸೆಯ ವಾಸದ ಹಕ್ಕು ಇಲ್ಲವಾಗದೆಂದು ಸರ್ವೋಚ್ಚ ನ್ಯಾಯಾಲಯವು 2020ರಲ್ಲಿ ತೀರ್ಮಾನಿಸಿತು. ಅರ್ಜಿಯನ್ನು ಗಂಡನ ಊರಿನಲ್ಲೇ ಕೊಡಬೇಕೆಂಬ ನಿರ್ಬಂಧವಿಲ್ಲ. ತವರಿಗೆ ಬಂದು ತಾತ್ಕಾಲಿಕವಾಗಿ ನೆಲಸಿರುವವಳು ಅಲ್ಲಿಯೇ ಕೊಡಬಹುದು. ಮೊದಲನೆಯ ವಿಚಾರಣೆಯು ಸಾಮಾನ್ಯವಾಗಿ ಮೂರು ದಿನಗಳೊಳಗೆ ಆಗಬೇಕೆಂದು ಕಾಯಿದೆ ಹೇಳುತ್ತದೆ. ವಿಳಂಬಗಳು ಆಗುವುದುಂಟು, ಆದಾಗ್ಯೂ ಅರವತ್ತು ದಿನಗಳೊಳಗೆ ಮುಗಿಸಲು ಯತ್ನಿಸಬೇಕೆಂಬ ವಿಧಿಯನ್ನು ವಕೀಲರ ಮೂಲಕ ನೆನಪಿಸಬಹುದು. ಸಂರಕ್ಷಣೆಯ ಆಜ್ಞೆಯನ್ನು ಮೀರಿದವನಿಗೆ ಒಂದು ವರ್ಷದವರೆಗೆ ಸೆರೆ, ಇಪ್ಪತ್ತು ಸಾವಿರ ರೂಪಾಯಿಯವರೆಗೆ ದಂಡ, ಅಥವಾ ಎರಡೂ ಉಂಟು.

ಕಡೆಯದಾಗಿ, ಗೆಳತಿಯ ಕರ್ತವ್ಯ. ಪೀಡಿತಳು ಬಾಯಿಬಿಟ್ಟಾಗ ಮೊದಲು ಪೂರ್ತಿಯಾಗಿ ಕೇಳಿರಿ, ನಂಬಿರಿ, ಅವಳ ಮಾತನ್ನು ಬಾವಿಯ ಕಟ್ಟೆಯವರೆಗೆ ಒಯ್ಯಬೇಡಿರಿ. ಅವಳ ಪರವಾಗಿ ಅವಳ ಪತಿಯನ್ನು ತರಾಟೆಗೆ ತೆಗೆದುಕೊಳ್ಳಹೋಗಬೇಡಿರಿ, ಯಾಕಂದರೆ ಅದರ ಪೆಟ್ಟು ಅವಳ ಮೇಲೆಯೇ ಬೀಳುವುದು. ಮನೆಯನ್ನು ಬಿಡುವ ಸಮಯವು ಅತ್ಯಂತ ಅಪಾಯಕರವಾದುದಾಗಿರಬಹುದು. ಆದುದರಿಂದ ಆ ಯೋಚನೆಯು ಗುಪ್ತವಾಗಿರಲಿ. ಆಧಾರ್, ಪಡಿತರ ಚೀಟಿ, ಬ್ಯಾಂಕಿನ ಪುಸ್ತಕ, ಮಕ್ಕಳ ಶಾಲೆಯ ಪತ್ರಗಳು, ಔಷಧಿ, ಬಸ್ಸಿನ ಹಣ ಇವನ್ನು ನಂಬಿಕೆಯ ಮನೆಯೊಂದರಲ್ಲಿ ಇರಿಸುವುದು ಒಳ್ಳೆಯದು. ಹೋಗುವುದೋ ಇರುವುದೋ ಎಂಬ ನಿರ್ಧಾರವು ಮಾತ್ರ ಅವಳದೇ. ಸದ್ಭಾವದಿಂದ ಸಂರಕ್ಷಣಾಧಿಕಾರಿಗೆ ಸುದ್ದಿ ಕೊಟ್ಟವರ ಮೇಲೆ ಯಾವ ಮೊಕದ್ದಮೆಯೂ ನಡೆಯಲಾರದೆಂದು ಕಾಯಿದೆಯ 4ನೆಯ ಪ್ರಕರಣವು ಅಭಯ ಕೊಟ್ಟಿದೆ. ಪೀಡಿತಳು ನಿಮ್ಮಂಥ ಬಾಲಕಿಯೇ ಆಗಿದ್ದರೆ, ರಹಸ್ಯವೆಂದು ಮುಚ್ಚಿಡದೆ ನಂಬಿಕೆಗೆ ಪಾತ್ರರಾದ ಉಪಾಧ್ಯಾಯಿನಿಯವರಿಗೆ ತಿಳಿಸಿರಿ.

ಅಭ್ಯಾಸ: ನಿಮ್ಮ ತಾಲೂಕಿನ ಸಂರಕ್ಷಣಾಧಿಕಾರಿಯ ಕಚೇರಿ, ಜಿಲ್ಲೆಯ ಸಖಿ ಕೇಂದ್ರ, ಸಮೀಪದ ಪೊಲೀಸ್ ಠಾಣೆ, ಕಾನೂನು ಸೇವಾ ಸಮಿತಿ, ಸರಕಾರಿ ಆಸ್ಪತ್ರೆ ಈ ಐದರ ವಿಳಾಸಗಳನ್ನೂ ದೂರವಾಣಿ ಸಂಖ್ಯೆಗಳನ್ನೂ ವಿಚಾರಿಸಿ, ನೋಟುಪುಸ್ತಕದ ಒಂದು ಪುಟದಲ್ಲಿ ಬರೆದಿಡಿರಿ. ಆ ಸಂಖ್ಯೆಗಳು ಈಗಲೂ ಸರಿಯಾಗಿವೆಯೇ ಎಂದು ವರ್ಷಕ್ಕೊಮ್ಮೆ ನೋಡಿರಿ. ಆ ಒಂದು ಪುಟವು ಯಾವ ರಾತ್ರಿಯಲ್ಲಿ ಯಾರ ಪ್ರಾಣವನ್ನು ಉಳಿಸುವುದೋ ಹೇಳಬಲ್ಲವರಿಲ್ಲ.