ಹೆಸರು ಕೇಳಿದೊಡನೆ



ಮುಂಬಯಿಗೆ ಬಂದ ಹೊಸತರಲ್ಲಿ ‘ಮದರಾಸಿ’ ಎಂದು ಕರೆಸಿಕೊಳ್ಳದ ಕನ್ನಡಿಗರು ವಿರಳ. ಧಾರವಾಡದವರಿಗೂ ಅದೇ ಹೆಸರು, ಉಡುಪಿಯವರಿಗೂ ಅದೇ. 1960ರ ದಶಕದಲ್ಲಿ ‘ಮಾರ್ಮಿಕ್’ ಎಂಬ ಮರಾಠಿ ವಾರಪತ್ರಿಕೆಯು ಇಲ್ಲಿನ ಕಚೇರಿಗಳಲ್ಲಿದ್ದ ದಾಕ್ಷಿಣಾತ್ಯ ಅಧಿಕಾರಿಗಳ ಹೆಸರುಗಳನ್ನು ಪಟ್ಟಿಮಾಡಿ ಅಚ್ಚುಹಾಕುತ್ತಿತ್ತು. 1966ರ ಜೂನ್ 19ರಂದು ಶಿವಸೇನೆ ಹುಟ್ಟಿದ್ದು ಆ ಬಿಸಿಯಲ್ಲಿಯೇ. ಯಾರು ಹೇಗೆ ಕೆಲಸ ಮಾಡುತ್ತಾರೆಂಬುದು ಅಲ್ಲಿ ಮುಖ್ಯವಾಗಿರಲಿಲ್ಲ, ಹೆಸರೊಂದೇ ಸಾಕಾಗಿತ್ತು.

ಅದು ತಿಳಿದು ಮಾಡಿದ ಭೇದ. ನಾವು ಹೇಳಹೊರಟಿರುವುದು ತಿಳಿಯದೆ ಮಾಡುವ ಭೇದವನ್ನು. ಸಂಜೆಯ ಲೋಕಲ್ ಗಾಡಿಯಲ್ಲಿ ಕುಳಿತವರ ಮುಖ ನೋಡಿಯೇ, ಇವರು ದಾದರಿನಲ್ಲಿ ಇಳಿಯುತ್ತಾರೆ, ಇವರು ಕಲ್ಯಾಣದವರೆಗೂ ಏಳುವವರಲ್ಲ ಎಂದು ನಾವು ಊಹಿಸುವುದುಂಟಷ್ಟೆ. ಅವಸರದಲ್ಲಿ ಮನಸ್ಸು ಹೀಗೆ ಊಹೆಯ ಮೇಲೆಯೇ ನಡೆಯುತ್ತದೆ. ಗಾಡಿಯಲ್ಲಿ ಊಹೆ ತಪ್ಪಿದರೆ ನಿಂತು ಹೋಗುತ್ತೇವೆ, ಅಷ್ಟೆ. ಕಚೇರಿಯಲ್ಲಿ ತಪ್ಪಿದರೆ ಇನ್ನೊಬ್ಬರ ಅನ್ನ ಹೋಗುತ್ತದೆ.

ಇದಕ್ಕೆ ಲೆಕ್ಕವೂ ಉಂಟು. ಸುಖದೇವ ಥೋರಾಟ್ ಮತ್ತು ಪಾಲ್ ಅಟ್ವೆಲ್ ಎಂಬ ವಿದ್ವಾಂಸರು ಪತ್ರಿಕೆಗಳಲ್ಲಿ ಬಂದ ಖಾಸಗಿ ಕಂಪನಿಗಳ ಜಾಹೀರಾತುಗಳಿಗೆ ಸಮಾನ ವಿದ್ಯಾರ್ಹತೆಯ ಸಾವಿರಾರು ಅರ್ಜಿಗಳನ್ನು ಕಳುಹಿಸಿದರು. ವ್ಯತ್ಯಾಸವಿದ್ದುದು ಹೆಸರಿನಲ್ಲಿ. ಮೇಲ್ಜಾತಿಯ ಹಿಂದೂ ಹೆಸರಿಗೆ ಹೋಲಿಸಿದರೆ, ಕರೆ ಬರುವ ಸಂಭವ ದಲಿತ ಹೆಸರಿಗೆ ಸುಮಾರು ಮೂರರಲ್ಲೆರಡು ಪಾಲು, ಮುಸ್ಲಿಂ ಹೆಸರಿಗೆ ಮೂರರಲ್ಲೊಂದು ಪಾಲು ಮಾತ್ರ. ಇದು ನಮ್ಮ ಊರಿನಿಂದಲೇ ಹೊರಡುವ ‘ಇಕನಾಮಿಕ್ ಅಂಡ್ ಪೊಲಿಟಿಕಲ್ ವೀಕ್ಲಿ’ಯಲ್ಲಿ 2007ರಲ್ಲಿ ಪ್ರಕಟವಾಯಿತು.

ಇನ್ನು ನಮ್ಮ ಮನೆಯ ಮಾತು. ನಮ್ಮಲ್ಲಿ ಇಬ್ಬರು ಒಂದು ಕಚೇರಿಗೆ ಗುಮಾಸ್ತನನ್ನು ಆರಿಸಲು ಕುಳಿತಿದ್ದೆವು. ಕುಂದಾಪುರದ ಕಡೆಯ ಹುಡುಗ ಬಂದ. ‘ಯಾವ ಊರು ಮಾರಾಯ?’ ಎಂದದ್ದೇ ತಡ, ಮಾತು ಕೋಟೇಶ್ವರದ ಕೊಡಿಹಬ್ಬದವರೆಗೆ ಹೋಯಿತು. ಅವನ ಹೆದರಿಕೆ ಬಿಟ್ಟಿತು, ಚೆನ್ನಾಗಿಯೇ ಉತ್ತರಿಸಿದ. ಅನಂತರ ಬಂದವನು ಕಲಬುರಗಿಯವನು. ತಂದೆತಾಯಿ ಕಟ್ಟಡ ಕೆಲಸಕ್ಕೆ ಬಂದವರು. ಅವನ ‘ಹೌದ್ರೀ, ಇಲ್ರೀ’ ಕೇಳಿ ನಾವು ನಕ್ಕೆವು, ಕೆಟ್ಟ ಮನಸ್ಸಿನಿಂದಲ್ಲ. ಮೂರು ಪ್ರಶ್ನೆ ಕೇಳಿ ಕಳುಹಿಸಿದೆವು. ಸಂಜೆ ಲೆಕ್ಕದ ಉತ್ತರಪತ್ರಿಕೆ ತೆರೆದಾಗ ಇವನದರಲ್ಲಿ ಒಂದೂ ತಪ್ಪಿರಲಿಲ್ಲ. ಇನ್ನೊಬ್ಬನದರಲ್ಲಿ ನಾಲ್ಕು. ಆದರೆ ಕೆಲಸದ ಮಾತು ಕೊಟ್ಟಾಗಿತ್ತು.

ನಾವು ಯಾರನ್ನೂ ದ್ವೇಷಿಸಿರಲಿಲ್ಲ. ಊರ ಹುಡುಗನಿಗೆ ಉಪಕಾರ ಮಾಡಿದೆವೆಂದುಕೊಂಡಿದ್ದೆವು. ಈ ಭೇದವು ಉಪಕಾರದ ವೇಷದಲ್ಲಿ ಬರುವುದರಿಂದಲೇ ಕಣ್ಣಿಗೆ ಬೀಳುವುದಿಲ್ಲ.

ಆಮೇಲೆ ಕ್ರಮ ಬದಲಾಯಿಸಿದೆವು. ಕೆಲಸಕ್ಕೆ ಏನೇನು ಬರಬೇಕೆಂಬುದನ್ನು ಮೊದಲೇ ಬರೆದಿಡುತ್ತೇವೆ. ಎಲ್ಲರಿಗೂ ಅವೇ ಪ್ರಶ್ನೆ, ಅಷ್ಟೇ ಹೊತ್ತು. ಉತ್ತರಪತ್ರಿಕೆಯ ಮೇಲೆ ಹೆಸರಿಲ್ಲ, ಅಂಕಿ ಮಾತ್ರ. ಅಂಕ ಹಾಕಿದ ಬಳಿಕವೇ ಊರಿನ ಮಾತು.

‘ನಾವು ಸಾಹೇಬರಲ್ಲ, ನಮಗೇನು?’ ಎನ್ನಬೇಡಿ. ಖಾಲಿ ಜಾಗದ ಸುದ್ದಿಯನ್ನು ಯಾರ ಕಿವಿಗೆ ಹಾಕುತ್ತೇವೆ? ಹೋಟೆಲಿನಲ್ಲಿ ಮೇಜು ಒರೆಸುವ ಹುಡುಗರಲ್ಲಿ ಯಾರನ್ನು ಒಲೆಯ ಬಳಿಗೆ ಕರೆದು ಕೆಲಸ ಕಲಿಸುತ್ತೇವೆ? ಕಚೇರಿಯಲ್ಲಿ ಚಹಾ ತರಿಸುವ ಉಸಾಬರಿ ಯಾವಾಗಲೂ ಗುಮಾಸ್ತೆ ಹೆಂಗಸಿನ ಪಾಲಿಗೇ ಏಕೆ ಬರುತ್ತದೆ? ಒಂದು ತಿಂಗಳು ಚೀಟಿಯಲ್ಲಿ ಗುರುತು ಹಾಕಿ ನೋಡಿ.

ಕಲಬುರಗಿಯ ಹುಡುಗನಿಗೆ ಮುಂದಿನ ತಿಂಗಳು ಇನ್ನೊಂದು ಜಾಗ ಖಾಲಿಯಾದಾಗ ಹೇಳಿಕಳುಹಿಸಿದೆವು. ಅಷ್ಟರಲ್ಲಿ ಅವನು ಭಿವಂಡಿಯ ಗೋದಾಮಿನಲ್ಲಿ ಮೂಟೆ ಎಣಿಸುವ ಕೆಲಸಕ್ಕೆ ಸೇರಿಬಿಟ್ಟಿದ್ದ.