ಹೇಳದೆ ಉಳಿದ ದುಃಖ

ಅಮೆರಿಕದ ದಕ್ಷಿಣ ಭಾಗದ ಬೆಟ್ಟಗಾಡುಗಳಲ್ಲಿಯೂ ಹಳ್ಳಿಗಳಲ್ಲಿಯೂ ಬೆಳೆದುಬಂದ ಗೀತಪರಂಪರೆಗೆ 'ಕಂಟ್ರಿ ಸಂಗೀತ' ಎಂದು ಹೆಸರು. ಬ್ರಿಟನ್ನಿನಿಂದ ವಲಸೆ ಬಂದವರ ಕಥನಗೀತೆಗಳೂ ಪಿಟೀಲೂ, ಆಫ್ರಿಕದಿಂದ ಗುಲಾಮರಾಗಿ ತರಲ್ಪಟ್ಟವರ ಬ್ಯಾಂಜೋ ವಾದ್ಯವೂ ಅದರಲ್ಲಿ ಬೆರೆತಿವೆ. ದುಡಿಮೆ, ದೈವಭಕ್ತಿ, ತವರಿನ ನೆನಪು, ಮುರಿದ ಪ್ರೇಮ ಇವು ಅದರ ಮುಖ್ಯ ವಸ್ತುಗಳು.

ಈ ಪರಂಪರೆಯ ಶ್ರೇಷ್ಠ ಶೋಕಗೀತೆಗಳಲ್ಲಿ 1980ರಲ್ಲಿ ಹೊರಬಂದ 'ಹೀ ಸ್ಟಾಪ್ಡ್ ಲವಿಂಗ್ ಹರ್ ಟುಡೇ' ಒಂದು. ಅವನು ಅವಳನ್ನು ಪ್ರೀತಿಸುವುದನ್ನು ಇಂದು ನಿಲ್ಲಿಸಿದನು ಎಂಬುದು ಈ ಹೆಸರಿನ ಅರ್ಥ. ಬಾಬಿ ಬ್ರಾಡಾಕ್ ಮತ್ತು ಕರ್ಲಿ ಪಟ್ಮನ್ ಎಂಬುವರು ರಚಿಸಿದ ಇದನ್ನು ಟೆಕ್ಸಾಸಿನ ಜಾರ್ಜ್ ಜೋನ್ಸ್ (1931–2013) ಹಾಡಿದನು.

ಕಥೆ ಸರಳವಾದುದು. ಸಾಯುವವರೆಗೂ ಪ್ರೀತಿಸುವೆನೆಂದು ಒಬ್ಬನು ತನ್ನನ್ನು ಅಗಲಿದವಳಿಗೆ ಮಾತು ಕೊಟ್ಟಿದ್ದನು. ಕಾಲ ಕಳೆದಂತೆ ಮರೆಯುವೆ ಎಂದು ಅವಳು ಹೇಳಿದಳು. ಆದರೆ ಅವನು ಅವಳ ಚಿತ್ರವನ್ನು ಗೋಡೆಯಿಂದ ತೆಗೆಯಲಿಲ್ಲ. ಅವಳ ಹಳೆಯ ಪತ್ರಗಳಲ್ಲಿ ಪ್ರೀತಿಯ ಮಾತು ಬಂದೆಡೆಯಲ್ಲೆಲ್ಲ ಕೆಂಪು ಗೆರೆ ಎಳೆದಿಟ್ಟಿದ್ದನು. ಇದನ್ನೆಲ್ಲ ಹೇಳುವವನು ಅವನ ಗೆಳೆಯ. ಅವನು ಇಂದು ನೋಡಲು ಹೋದಾಗ ಗೆಳೆಯನು ಒಳ್ಳೆಯ ಉಡುಪು ಧರಿಸಿದ್ದನು. ಎಷ್ಟೋ ವರ್ಷಗಳ ಮೇಲೆ ಅವನ ಮುಖದಲ್ಲಿ ನಗು ಕಂಡಿತು. ನೋವು ತೀರಿತೆಂದು ಕೇಳುಗನು ಭಾವಿಸುವಷ್ಟರಲ್ಲಿ, ಮನೆಯ ಬಾಗಿಲಿಗೆ ಹೂವಿನ ವರ್ತುಲವನ್ನು ಕಟ್ಟಿರುವುದು ತಿಳಿಯುತ್ತದೆ. ಅದು ಹಿಂದೆ ಆ ನಾಡಿನಲ್ಲಿ ಸಾವಿನ ಗುರುತಾಗಿತ್ತು.

ಅವನು ತೀರಿಕೊಂಡನೆಂದು ಗೀತೆಯು ಎಲ್ಲಿಯೂ ನೇರವಾಗಿ ಸಾರುವುದಿಲ್ಲ. ಆ ಅರ್ಥವನ್ನು ಕೇಳುಗನೇ ಕಂಡುಕೊಳ್ಳಬೇಕು. ಕಂಡುಕೊಂಡ ಕ್ಷಣದಲ್ಲಿ ಆ ದುಃಖವು ಅವನದೇ ಆಗುತ್ತದೆ. ನಮ್ಮ ಕಾವ್ಯಮೀಮಾಂಸಕರು ಧ್ವನಿ ಎಂದು ಕರೆದುದು ಇಂತಹ ಶಕ್ತಿಯನ್ನೇ. ಕೊನೆಯ ಬಾರಿ ಅವನನ್ನು ನೋಡಲು ಅವಳು ಬಂದ ಸಂಗತಿಯನ್ನು ಗಾಯಕನು ಹಾಡದೆ, ಮೆಲುದನಿಯಲ್ಲಿ ಮಾತಾಗಿ ನುಡಿಯುತ್ತಾನೆ. ಗೀತೆಯು ಅವಳನ್ನು ನಿಂದಿಸುವುದೂ ಇಲ್ಲ, ಅವನನ್ನು ಹೊಗಳುವುದೂ ಇಲ್ಲ.

ಇಷ್ಟೊಂದು ಶೋಕದ ಹಾಡನ್ನು ಯಾರೂ ಕೊಳ್ಳಲಾರರೆಂದು ಮೊದಲು ಜೋನ್ಸನೇ ಶಂಕಿಸಿದ್ದನು. ನಿರ್ಮಾಪಕ ಬಿಲ್ಲಿ ಶೆರಿಲ್ ಮಾತ್ರ ಅದರಲ್ಲಿ ನಂಬಿಕೆ ಇಟ್ಟಿದ್ದನು. ಅದೇ ಗೀತೆ ಕಂಟ್ರಿ ಸಂಗೀತ ಸಂಘದಿಂದ 1980 ಮತ್ತು 1981ರಲ್ಲಿ ವರ್ಷದ ಗೀತೆಯೆಂಬ ಪ್ರಶಸ್ತಿಯನ್ನು ಪಡೆಯಿತು. ಜನರು ದುಃಖಕ್ಕೆ ಹೆದರುವುದಿಲ್ಲ. ಹುಸಿ ದುಃಖದಿಂದ ಮಾತ್ರ ದೂರ ಸರಿಯುತ್ತಾರೆ. ಅಬ್ಬರದ ಅಳುವಿಗಿಂತ ಸಂಯಮದ ಒಂದು ನುಡಿಯೇ ಹೃದಯವನ್ನು ಆಳವಾಗಿ ಮುಟ್ಟುತ್ತದೆ ಎಂಬುದಕ್ಕೆ ಈ ಗೀತೆಯೇ ಸಾಕ್ಷಿ.