ಆಕಳು ತರುವ ಮೊದಲು ಮೇವಿನ ಲೆಕ್ಕ



ಶ್ರಾವಣದಲ್ಲಿ ಹಾನಗಲ್ಲ, ಶಿಗ್ಗಾವಿ, ಸವಣೂರು, ಹಿರೇಕೆರೂರು ಸೀಮೆಯಲ್ಲಿ ಎಲ್ಲಿ ನೋಡಿದರೂ ಹಸಿರು. ಬದುವಿನ ಮೇಲೂ ಹುಲ್ಲು, ಗಾಯರಾಣದಲ್ಲೂ ಹುಲ್ಲು. ಹೊಸದಾಗಿ ಹೈನು ಮಾಡುವವರು ಆಗಲೇ ಆಕಳು ಕೊಳ್ಳುತ್ತಾರೆ. ನಮ್ಮ ಮನೆಯಲ್ಲಿಯೂ ಹಾಗೆಯೇ ಆಯಿತು. ಕೃಷಿ ಡಿಪ್ಲೊಮಾ ಮುಗಿಸಿ ಬಂದ ವರ್ಷ ನಾನು ತಂದೆಯವರಿಗೆ ಹೇಳಿ ಮೂರು ಆಕಳು ಕಟ್ಟಿಸಿದೆ. ಶಿವರಾತ್ರಿಯ ಹೊತ್ತಿಗೆ ಬಣವೆ ಮುಗಿಯಿತು, ಹಾಲು ಇಳಿಯಿತು. ಯುಗಾದಿಗೆ ಒಂದು ಆಕಳನ್ನು ಕೊಂಡ ಬೆಲೆಯ ಅರ್ಧಕ್ಕೆ ಮಾರಿದೆವು. ಆಕಳಿನ ತಪ್ಪು ಏನೂ ಇರಲಿಲ್ಲ. ನಾನು ಮೇವಿನ ಲೆಕ್ಕ ಹಾಕಿರಲಿಲ್ಲ. ಆ ಲೆಕ್ಕವನ್ನು ಇಲ್ಲಿ ಬರೆದಿದ್ದೇನೆ.

ಒಂದು ಆಕಳಿಗೆ ಎಷ್ಟು ಬೇಕು?

ಸುಮಾರು 400 ಕಿಲೊ ತೂಕದ, ಹಾಲು ಕೊಡುವ ಆಕಳಿಗೆ ದಿನಕ್ಕೆ 25 ಕಿಲೊ ಹಸಿ ಮೇವು, 5 ಕಿಲೊ ಒಣ ಮೇವು ಬೇಕು. ಹಿಂಡಿ, ತೌಡು ಬೇರೆ. ವರ್ಷಕ್ಕೆ ಹಸಿ ಮೇವು 9 ಟನ್ನು, ಒಣ ಮೇವು 18 ಕ್ವಿಂಟಲ್ ಆಯಿತು.

ಗಾಯರಾಣ ಸಾಕೇ?

1966ರ ಕರ್ನಾಟಕ ಭೂ ಕಂದಾಯ ನಿಯಮಗಳಂತೆ ನೂರು ದನಗಳಿಗೆ 12 ಹೆಕ್ಟೇರ್, ಅಂದರೆ ಸುಮಾರು 30 ಎಕರೆ ಗಾಯರಾಣ ಇರತಕ್ಕದ್ದು. ಒಂದು ದನದ ಪಾಲಿಗೆ 12 ಗುಂಟೆ. ಅಷ್ಟು ಉಳಿದಿರುವ ಊರಿನಲ್ಲಿಯೂ, ನೀರಿಲ್ಲದ 12 ಗುಂಟೆಯ ಹುಲ್ಲು ಒಂದು ಆಕಳನ್ನು ವರ್ಷವಿಡೀ ಸಾಕಲಾರದು. ಅದು ಮಳೆಗಾಲದ ಆಸರೆ ಮಾತ್ರ.

ಆ ಆಸರೆಯೂ ಉಳಿಯಬೇಕಾದರೆ ಸರದಿ ಬೇಕು. ಮೊದಲ ಮಳೆಗೆ ಹುಲ್ಲು ಬೇರಿನಲ್ಲಿ ಕೂಡಿಟ್ಟ ಶಕ್ತಿಯಿಂದ ಚಿಗುರುತ್ತದೆ. ಎಲೆ ಬಲಿಯುವ ಮೊದಲೇ ಮೇಲಿಂದ ಮೇಲೆ ಮೇಯಿಸಿದರೆ ಬೇರು ಸೊರಗಿ ಸಾಯುತ್ತದೆ. ಆ ಜಾಗದಲ್ಲಿ ದನ ಮೂಸದ ಕಾಂಗ್ರೆಸ್ ಹುಲ್ಲು ಏಳುತ್ತದೆ. ಮೃಗಶಿರ ಮಳೆ ಬಿದ್ದ ಮೇಲೆ ಐದಾರು ವಾರ ತಡೆಯಿರಿ. ನಂತರ ಗಾಯರಾಣವನ್ನು ಐದು ಪಾಲು ಮಾಡಿ. ಒಂದನ್ನು ಬೀಜ ಉದುರುವವರೆಗೆ ಮುಟ್ಟಬೇಡಿ. ಉಳಿದ ನಾಲ್ಕರಲ್ಲಿ ಹತ್ತು ಹತ್ತು ದಿನ ಮೇಯಿಸಿದರೆ ಪ್ರತಿ ಪಾಲಿಗೂ ಒಂದು ತಿಂಗಳು ಬಿಡುವು ಸಿಗುತ್ತದೆ. ಇದು ಒಬ್ಬರಿಂದ ಆಗುವ ಕೆಲಸವಲ್ಲ. ಗ್ರಾಮಸಭೆಯಲ್ಲಿ ಎಲ್ಲರೂ ಕೂಡಿ ಕಟ್ಟು ಮಾಡಿಕೊಳ್ಳಬೇಕು.

ಸ್ವಂತ ಹೊಲದ ಮೇವು

ನೀರಿದ್ದವರು ಎರಡು ಆಕಳಿಗೆ 10 ಗುಂಟೆಯಲ್ಲಿ ಹೈಬ್ರಿಡ್ ನೇಪಿಯರ್ ಹುಲ್ಲು ಹಚ್ಚಬೇಕು. ಧಾರವಾಡದಲ್ಲಿ ಸಿದ್ಧಪಡಿಸಿದ ಡಿಎಚ್‌ಎನ್-6 ತಳಿ ನಮ್ಮ ಕಡೆಗೆ ಹೊಂದುತ್ತದೆ. ಎರಡು ಕಣ್ಣಿನ ತುಂಡುಗಳನ್ನು ಸಾಲಿನಿಂದ ಸಾಲಿಗೆ 3 ಅಡಿ, ಗಿಡದಿಂದ ಗಿಡಕ್ಕೆ 2 ಅಡಿ ಬಿಟ್ಟು ನಡಿರಿ. ಎರಡೂವರೆ ತಿಂಗಳಿಗೆ ಮೊದಲ ಕೊಯ್ಲು, ಮುಂದೆ 45 ದಿನಕ್ಕೊಂದು. ಪ್ರತಿ ಕೊಯ್ಲಿನ ನಂತರ ಕೊಟ್ಟಿಗೆಯ ಗೊಬ್ಬರ, ಗಂಜಲ ಅಲ್ಲಿಗೇ ಹೋಗಲಿ.

ನೀರಿಲ್ಲದವರು ಗೋವಿನಜೋಳದ ಸಾಲಿನ ನಡುವೆ ಅಲಸಂದಿ ಹಾಕಿ. ತೆನೆ ಮುರಿದ ಮೇಲೆ ದಂಟನ್ನು ಹೊಲದಲ್ಲಿ ಸುಡಬೇಡಿ; ಒಣಗಿಸಿ ಬಣವೆ ಒಟ್ಟಿ, ಕತ್ತರಿಸಿ ಹಾಕಿ.

ಎರಡು ಎಚ್ಚರಿಕೆ

ಮಳೆ ಹೋಗಿ ಬಾಡಿದ ಎಳೆಯ ಜೋಳದಲ್ಲಿ ವಿಷವಿರುತ್ತದೆ. ಅದನ್ನು ಮೇದ ದನ ಕೆಲವೇ ಹೊತ್ತಿನಲ್ಲಿ ಸಾಯಬಹುದು. ಮಳೆಗಾಲಕ್ಕೆ ಮುಂಚೆಯೇ ಗಳಲೆ ಮತ್ತು ಚಪ್ಪೆ ಬೇನೆಯ ಲಸಿಕೆ ಹಾಕಿಸಿರಿ.

ಕೊನೆಯ ಮಾತು: ದೀಪಾವಳಿಯಿಂದ ಮೃಗಶಿರದವರೆಗೆ ಏಳು ತಿಂಗಳು. ಆಕಳೊಂದಕ್ಕೆ ಹತ್ತೂವರೆ ಕ್ವಿಂಟಲ್ ಒಣ ಮೇವು ಬಣವೆಯಲ್ಲಿ ಇದೆಯೇ ಎಂದು ದೀಪಾವಳಿಗೇ ನೋಡಿರಿ. ಒಂದಕ್ಕೆ ಸಾಲುವಷ್ಟಿದ್ದರೆ ಒಂದೇ ಆಕಳು ಕಟ್ಟಿರಿ. ಗೋದಲಿ ತುಂಬಿದ ಮೇಲೆ ಇನ್ನೊಂದು ಗೂಟ ಬಡಿದರಾಯಿತು.